ಬಿಸಿನೀರಿಗೆ ಮಾತ್ರ ನಿಲ್ಲುವ ವಾಂತಿ: ಗಾಂಜಾ ಕುರಿತು ಓದುಗರ ಪ್ರಶ್ನೆ, ವೈದ್ಯರ ಉತ್ತರ

ಪ್ರಶ್ನೆ: ಮಗನಿಗೆ 21 ವರ್ಷ, ಇಂಜಿನಿಯರಿಂಗ್ ಓದುತ್ತಿದ್ದಾನೆ. ಆರು ತಿಂಗಳಿಂದ ಎರಡು ಮೂರು ವಾರಕ್ಕೊಮ್ಮೆ ಬೆಳಿಗ್ಗೆ ಎದ್ದ ತಕ್ಷಣ ವಾಂತಿ ಶುರುವಾಗುತ್ತದೆ, ದಿನವಿಡೀ ನಿಲ್ಲುವುದಿಲ್ಲ. ಗ್ಯಾಸ್ಟ್ರಿಕ್ ಎಂದು ಮಾತ್ರೆ ಕೊಟ್ಟರು, ಎಂಡೋಸ್ಕೋಪಿ ಆಯಿತು, ಸ್ಕ್ಯಾನಿಂಗ್ ಆಯಿತು, ಏನೂ ಸಿಗಲಿಲ್ಲ. ಬಚ್ಚಲಲ್ಲಿ ಗಂಟೆಗಟ್ಟಲೆ ಸುಡುಸುಡು ನೀರು ಹುಯ್ದುಕೊಳ್ಳುತ್ತಾ ಕೂರುತ್ತಾನೆ. ಗಾಂಜಾ ಸೇದುತ್ತಾನೆಂದು ಮೊನ್ನೆ ಗೊತ್ತಾಯಿತು. ಅದಕ್ಕೂ ಇದಕ್ಕೂ ಸಂಬಂಧ ಇದೆಯೇ?
— ಒಬ್ಬ ತಾಯಿ, ದಾವಣಗೆರೆ

ಉತ್ತರ: ಇರುವ ಸಾಧ್ಯತೆ ಬಹಳ ಹೆಚ್ಚು, ತಾಯಿ. ಬಚ್ಚಲಿನ ಸಂಗತಿ ಬರೆದು ಒಳ್ಳೆಯದು ಮಾಡಿದಿರಿ, ಈ ಕಾಯಿಲೆಯ ಗುರುತು ಸಿಗುವುದೇ ಅಲ್ಲಿ. ವರ್ಷಗಟ್ಟಲೆ ಹೆಚ್ಚುಕಡಿಮೆ ದಿನಾ ಸೇದುವವರಲ್ಲಿ ಕೆಲವರಿಗೆ ಹೀಗೆ ಬಿಟ್ಟುಬಿಟ್ಟು ವಾಂತಿ ಕಾಣಿಸಿಕೊಳ್ಳುತ್ತದೆ. 2004ರಲ್ಲಿ ಆಸ್ಟ್ರೇಲಿಯಾದ ವೈದ್ಯರು ಇದನ್ನು ಮೊದಲು ವಿವರವಾಗಿ ದಾಖಲಿಸಿದರು. ಹೆಸರು ಕ್ಯಾನಬಿನಾಯ್ಡ್ ಹೈಪರ್‌ಎಮೆಸಿಸ್ ಸಿಂಡ್ರೋಮ್.

ಹೊಕ್ಕುಳ ಸುತ್ತ ನೋವು, ಬೆಳಗಿನ ಹೊಟ್ಟೆ ತೊಳಸು, ಬಿಸಿನೀರು ಬಿದ್ದಾಗ ಮಾತ್ರ ಆರಾಮ, ಇವು ಮೂರೂ ಕೂಡಿ ಬಂದರೆ ಗಾಂಜಾ ಬಗ್ಗೆ ಕೇಳಲೇಬೇಕು. ಬಿಸಿಯನ್ನು ಗುರುತಿಸುವ ಚರ್ಮದ ನರತುದಿಗಳಿಗೂ ವಾಂತಿಯ ಹತೋಟಿಗೂ ನಂಟಿರಬೇಕೆಂಬುದು ಈಗಿನ ವಿವರಣೆ. ಮೆಣಸಿನಕಾಯಿಯ ಖಾರ ತಟ್ಟುವುದೂ ಅದೇ ನರತುದಿಗಳಿಗೆ. ಆದ್ದರಿಂದ ಆಸ್ಪತ್ರೆಗಳಲ್ಲಿ ಆ ಖಾರದ ಅಂಶವಾದ ಕ್ಯಾಪ್ಸೈಸಿನ್‌ನ ಮುಲಾಮನ್ನು ಹೊಟ್ಟೆಗೆ ಸವರುವುದುಂಟು. ಮನೆಯಲ್ಲಿ ಖಾರದಪುಡಿ ಹಚ್ಚಲು ಹೋಗಬೇಡಿ, ಚರ್ಮ ಸುಡುತ್ತದೆ.

ಸಾಮಾನ್ಯ ವಾಂತಿ ಮಾತ್ರೆಗಳು ಇದಕ್ಕೆ ಅಷ್ಟಾಗಿ ನಾಟುವುದಿಲ್ಲ. ಸೇದಿದರೆ ವಾಂತಿ ತಗ್ಗುತ್ತದೆಂದು ಹುಡುಗರು ಕೇಳಿರುತ್ತಾರೆ, ಅದನ್ನು ನಂಬಿ ಇನ್ನೂ ಹೆಚ್ಚು ಸೇದುತ್ತಾರೆ. ಕಾಯಿಲೆ ಬಲಿಯುವುದು ಹಾಗೆ. ಅಪಾಯ ಇರುವುದು ನೀರಿನ ಕೊರತೆಯಲ್ಲಿ. ವಾಂತಿಯಲ್ಲಿ ನೀರು, ಪೊಟ್ಯಾಸಿಯಂ ಎರಡೂ ಹೋಗುತ್ತವೆ, ಬಿಸಿನೀರಿನಲ್ಲಿ ಕೂತು ಬೆವರು ಬೇರೆ, ಕಿಡ್ನಿಗೆ ಪೆಟ್ಟು ಬೀಳುತ್ತದೆ. ದೊಡ್ಡ ಓಆರ್‌ಎಸ್ ಪ್ಯಾಕೆಟ್ಟನ್ನು 1 ಲೀಟರ್ ಕುದಿಸಿ ಆರಿಸಿದ ನೀರಿಗೆ ಹಾಕಿ ಗುಟುಕು ಗುಟುಕಾಗಿ ಕುಡಿಸಿ. ಎಂಟು ಗಂಟೆ ಮೂತ್ರ ಹೋಗದಿದ್ದರೆ, ನಿಂತಾಗ ಕಣ್ಣು ಕತ್ತಲೆ ಬಂದರೆ, ವಾಂತಿಯಲ್ಲಿ ರಕ್ತ ಕಂಡರೆ ಡ್ರಿಪ್ ಬೇಕು, ತಡಮಾಡದೆ ಹೊರಡಿ. ಹೋದಾಗ ವೈದ್ಯರಿಗೆ ಗಾಂಜಾ ವಿಷಯ ಮುಚ್ಚಿಡಬೇಡಿ. ಅವರು ಪ್ಯಾಂಕ್ರಿಯಾಸ್ ಊತ, ಅಪೆಂಡಿಕ್ಸ್‌ನಂಥವು ಇಲ್ಲವೆಂದೂ ಖಾತ್ರಿ ಮಾಡಿಕೊಳ್ಳಬೇಕಾಗುತ್ತದೆ.

ಪೂರ್ತಿ ಗುಣವಾಗಲು ದಾರಿ ಒಂದೇ, ಸೇದುವುದನ್ನು ಸಂಪೂರ್ಣ ನಿಲ್ಲಿಸಬೇಕು. ಕೆಲವು ದಿನಗಳಿಂದ ಕೆಲವು ವಾರಗಳಲ್ಲಿ ಹೊಟ್ಟೆ ಸರಿಹೋಗುತ್ತದೆ. ಆರು ತಿಂಗಳ ನಂತರ ಮತ್ತೆ ಶುರು ಮಾಡಿದರೂ ವಾಂತಿ ವಾಪಸ್ ಬರಬಹುದು. ಇದನ್ನು ಮಗನಿಗೆ ಬೈದು ಹೇಳಬೇಡಿ. ವಾಂತಿ ನಿಂತು, ಎರಡು ತುತ್ತು ಉಂಡು, ಅವನು ಸಮಾಧಾನದಲ್ಲಿ ಇರುವಾಗ ಹೇಳಿ.

ಪ್ರಶ್ನೆ: ನನಗೆ 34. ಹನ್ನೆರಡು ವರ್ಷದಿಂದ ದಿನಕ್ಕೆ ನಾಲ್ಕೈದು ಸಲ ಸೊಪ್ಪು ಹೊಡೆಯುತ್ತೇನೆ, ಸಿಗರೇಟಿನ ತಂಬಾಕು ಬೆರೆಸಿಕೊಂಡು. ಮೂರು ಸಲ ಬಿಟ್ಟೆ, ಮೂರೂ ಸಲ ನಾಲ್ಕನೇ ದಿನಕ್ಕೆ ಸೋತೆ. ಗಾಂಜಾ ಚಟವಾಗುವುದಿಲ್ಲ ಎನ್ನುತ್ತಾರಲ್ಲ, ನನಗೇಕೆ ಹೀಗೆ?
— ಹೆಸರು ಬೇಡ, ಬೆಂಗಳೂರು

ಉತ್ತರ: ಚಟವಾಗುತ್ತದೆ. ಸೇದಿ ನೋಡಿದವರಲ್ಲಿ ಸುಮಾರು 100ಕ್ಕೆ 9 ಜನ ಅದಕ್ಕೆ ಅಂಟಿಕೊಳ್ಳುತ್ತಾರೆ. ಹದಿಹರೆಯದಲ್ಲೇ ಶುರು ಮಾಡಿದವರಲ್ಲಿ ಹೆಚ್ಚುಕಡಿಮೆ ಆರಕ್ಕೊಬ್ಬರು. ನೀವು ನಾಲ್ಕನೇ ದಿನ ಸೋಲುವುದು ಮನಸ್ಸು ದುರ್ಬಲವೆಂದಲ್ಲ. ಬಿಟ್ಟ ಮೇಲಿನ ಕಾಟ ಒಂದರಿಂದ ಮೂರು ದಿನದೊಳಗೆ ಶುರುವಾಗಿ ಮೊದಲ ವಾರದಲ್ಲೇ ಏರುಮುಖಕ್ಕೆ ಹೋಗುತ್ತದೆ. ಅಂದರೆ ಪ್ರತಿ ಸಲವೂ ನೀವು ಏರಿನ ತುದಿಯಲ್ಲಿ ನಿಂತು ವಾಪಸ್ ಬಂದಿದ್ದೀರಿ. ಇನ್ನೊಂದು ವಾರ ತಡೆದರೆ ಇಳಿಜಾರು.

ಏನೇನು ಬರುತ್ತದೆಂದು ಮೊದಲೇ ತಿಳಿದಿರಲಿ: ಸಣ್ಣದಕ್ಕೂ ಸಿಟ್ಟು, ಚಡಪಡಿಕೆ, ಊಟ ಸೇರದಿರುವುದು, ತಲೆನೋವು, ರಾತ್ರಿ ಅಂಗಿ ತೊಯ್ಯುವಷ್ಟು ಬೆವರು. ಹೆಚ್ಚಿನವು ಎರಡು ವಾರದಲ್ಲಿ ಇಳಿಯುತ್ತವೆ. ನಿದ್ದೆಗೇಡು ಮತ್ತು ಕಣ್ಣಿಗೆ ಕಟ್ಟುವಂಥ ಕನಸುಗಳು ಮಾತ್ರ ಒಂದು ತಿಂಗಳು ಎಳೆಯಬಹುದು. ದಿನಾ ಸೇದಿದವರ ಮಿದುಳಿನಲ್ಲಿ ಗಾಂಜಾದ ಅಮಲಿನ ಅಂಶವಾದ ಟಿಎಚ್‌ಸಿಯನ್ನು ಹಿಡಿದುಕೊಳ್ಳುವ ಗ್ರಾಹಕಗಳು ತಗ್ಗಿರುತ್ತವೆ. ಬಿಟ್ಟ ಎರಡೇ ದಿನದಲ್ಲಿ ಚೇತರಿಕೆ ಆರಂಭವಾಗಿ, ಸುಮಾರು ನಾಲ್ಕು ವಾರಕ್ಕೆ ಮೊದಲಿನ ಮಟ್ಟದ ಹತ್ತಿರ ಬರುತ್ತವೆ ಎಂದು ಮಿದುಳಿನ ಸ್ಕ್ಯಾನ್‌ಗಳಲ್ಲಿ ಕಂಡಿದೆ.

ನಿಮ್ಮ ವಿಷಯದಲ್ಲಿ ಇನ್ನೊಂದು ಗಂಟಿದೆ. ಸೊಪ್ಪಿನ ಜೊತೆ ತಂಬಾಕೂ ನಿಂತಾಗ ಎರಡು ಚಟಗಳ ಕಾಟ ಒಟ್ಟಿಗೆ ಮೇಲೆ ಬೀಳುತ್ತದೆ. ಬರೀ ಸಿಗರೇಟು ಇಟ್ಟುಕೊಂಡರೆ ಕೈ ತಾನಾಗಿ ಸೊಪ್ಪಿನ ಕಡೆ ಹೋಗುತ್ತದೆ. ಹಾಗಾಗಿ ಎರಡನ್ನೂ ಒಂದೇ ದಿನ ಬಿಟ್ಟು ನಿಕೋಟಿನ್ ಗಮ್ ಬಳಸುವುದು ಮೇಲು. ಎದ್ದ ಅರ್ಧ ಗಂಟೆಯೊಳಗೆ ಮೊದಲ ದಮ್ಮು ಎಳೆಯುವವರಾದರೆ 4 ಮಿಲಿಗ್ರಾಂ, ಇಲ್ಲವಾದರೆ 2 ಮಿಲಿಗ್ರಾಂ. ಬಬಲ್ ಗಮ್ ಥರ ಜಗಿಯಬಾರದು. ನಿಧಾನ ಅಗಿದು, ನಾಲಗೆ ಚುರುಗುಟ್ಟಿದ ಕೂಡಲೇ ಕೆನ್ನೆಯ ಸಂದಿಯಲ್ಲಿ ಇಟ್ಟುಕೊಳ್ಳಿ, ಚುರುಕು ಇಳಿದ ಮೇಲೆ ಮತ್ತೆ ಅಗಿಯಿರಿ. ಹೀಗೆ ಅರ್ಧ ಗಂಟೆ. ಅದಕ್ಕೆ 15 ನಿಮಿಷ ಮೊದಲು ಕಾಫಿ, ಜ್ಯೂಸ್ ಬೇಡ, ಗಮ್ ಕೆಲಸ ಮಾಡುವುದಿಲ್ಲ. ಹೃದಯದ ಕಾಯಿಲೆ ಇದ್ದರೆ ಗಮ್‌ಗೂ ವೈದ್ಯರನ್ನು ಕೇಳಿ.

ದಿನ ಗೊತ್ತುಮಾಡುವಾಗ ಮುಂದಿನ ನಾಲ್ಕೈದು ದಿನ ದೊಡ್ಡ ಕೆಲಸವಿರದಂತೆ ನೋಡಿಕೊಳ್ಳಿ. ಹಿಂದಿನ ರಾತ್ರಿ ಪೇಪರ್, ಚಿಲುಮೆ, ಡಬ್ಬಿಯ ತಳದ ಪುಡಿ ಎಲ್ಲ ಮನೆಯಿಂದಾಚೆ ಹೋಗಬೇಕು. ಮಾಲು ಕೊಡುವವನ ನಂಬರೂ ಸಹ. ದಿಂಬಿನ ಪಕ್ಕ ಒಣ ಬನಿಯನ್, ಟವೆಲ್ ಇರಲಿ. ಊಟ ಸೇರದಿದ್ದರೆ ಗಂಜಿ, ಮೊಸರನ್ನ, ಬಾಳೆಹಣ್ಣು, ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ. ಮಧ್ಯಾಹ್ನದ ಮೇಲೆ ಕಾಫಿ ಬೇಡ. ಸೇದುವ ಆಸೆ ಉಕ್ಕಿ ಬಂದರೂ ಸಾಮಾನ್ಯವಾಗಿ 15–20 ನಿಮಿಷದಲ್ಲಿ ಇಳಿಯುತ್ತದೆ, ಆಗ ಚಪ್ಪಲಿ ಮೆಟ್ಟಿ ಹೊರಗೆ ನಡೆಯಿರಿ.

ಎರಡು ಕಡೆ ಜನ ಎಡವುತ್ತಾರೆ. ನಿದ್ದೆ ಬರಲಿಲ್ಲವೆಂದು ಮೆಡಿಕಲ್ ಸ್ಟೋರಿನಿಂದ ಆಲ್ಪ್ರಜೋಲಾಂ ತರಿಸಿಕೊಳ್ಳುತ್ತಾರೆ, ಇಲ್ಲವೇ ಎರಡು ಪೆಗ್ ಹಾಕುತ್ತಾರೆ. ಎರಡೂ ಹೊಸ ಚಟಕ್ಕೆ ಬಾಗಿಲು. ಗಾಂಜಾ ಚಟಕ್ಕೆಂದೇ ಮಂಜೂರಾದ ಔಷಧಿ ಇನ್ನೂ ಇಲ್ಲ, ನಿದ್ದೆಗೆ, ಆತಂಕಕ್ಕೆ ತಾತ್ಕಾಲಿಕವಾಗಿ ಏನು ಬೇಕೆಂದು ಮನೋವೈದ್ಯರೇ ಹೇಳಲಿ. ಜೊತೆಗೆ ಕೌನ್ಸೆಲಿಂಗ್ ಬೇಕು, ಉಪಯೋಗವಿದೆಯೆಂದು ಸಾಬೀತಾಗಿರುವುದು ಅದೇ. ಬೆಂಗಳೂರಿನಲ್ಲೇ ಇದ್ದೀರಿ, ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರವಿದೆ.

ಪ್ರಶ್ನೆ: ಹೋಳಿಯಲ್ಲಿ ಗೆಳೆಯರು ಭಂಗಿ ಲಾಡು ತಿಂದರು. ಮುಕ್ಕಾಲು ಗಂಟೆ ಏನೂ ಆಗಲಿಲ್ಲವೆಂದು ಒಬ್ಬ ಇನ್ನೊಂದು ತಿಂದ. ಆಮೇಲೆ ಸತ್ತೇಹೋಗುತ್ತೇನೆಂದು ಕಿರುಚಾಡಿದ. ನಿಂಬೆರಸ ಕುಡಿಸಿದೆವು. ಸರಿಯೇ?
— ಓದುಗರು, ಬೀದರ್

ಉತ್ತರ: ಎರಡನೇ ಲಾಡುವೇ ತಪ್ಪು. ಸೇದಿದರೆ ನಿಮಿಷಗಳಲ್ಲಿ ಏರುತ್ತದೆ. ತಿಂದದ್ದು ಕರುಳು, ಯಕೃತ್ತು ದಾಟಿ ಬರಲು ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು, ಯಕೃತ್ತಿನಲ್ಲಿ ಅದು ಇನ್ನೂ ಜೋರಾದ ರೂಪಕ್ಕೆ ಬದಲಾಗುತ್ತದೆ. ಇಳಿಯಲು 6ರಿಂದ 12 ಗಂಟೆ. ನಿಂಬೆರಸದಿಂದ ಅಮಲು ಇಳಿಯುವುದಿಲ್ಲ. ಬಲವಂತವಾಗಿ ವಾಂತಿ ಮಾಡಿಸುವುದು, ತಣ್ಣೀರು ಸುರಿಯುವುದು ಬೇಡ. ಮಂದ ಬೆಳಕಿನ ಕೋಣೆಯಲ್ಲಿ ಮಗ್ಗುಲಾಗಿ ಮಲಗಿಸಿ, ಒಬ್ಬರು ಪಕ್ಕದಲ್ಲೇ ಕೂತು "ಇದು ಭಂಗಿಯ ಅಮಲು, ರಾತ್ರಿಯೊಳಗೆ ಇಳಿಯುತ್ತೆ" ಎಂದು ಹೇಳುತ್ತಿರಿ. ಮರುದಿನದವರೆಗೆ ಬೈಕ್ ಕೀ ಕೊಡಬೇಡಿ. ಎದೆನೋವು, ಫಿಟ್ಸ್, ಎಬ್ಬಿಸಿದರೂ ಏಳದಿರುವುದು ಕಂಡರೆ 108ಕ್ಕೆ ಫೋನ್ ಮಾಡಿ. ಮಕ್ಕಳು ಅರ್ಧ ಲಾಡು ತಿಂದಿದ್ದರೂ ಕಾಯಬಾರದು, ನೇರ ಆಸ್ಪತ್ರೆಗೆ.

ಪ್ರಶ್ನೆ: ತಮ್ಮ ಸೇದುವುದು ಬಿಟ್ಟು ಎರಡು ವಾರವಾಯಿತು. ಈಗಲೂ ಪಕ್ಕದ ಮನೆಯವರು ತನ್ನ ಬಗ್ಗೆಯೇ ಮಾತಾಡುತ್ತಾರೆ ಎನ್ನುತ್ತಾನೆ, ಒಬ್ಬನೇ ನಗುತ್ತಾನೆ. ಆಸ್ಪತ್ರೆಗೆ ಹೋದರೆ ಪೊಲೀಸ್ ಕೇಸಾಗುತ್ತದೆಂದು ಅಪ್ಪನಿಗೆ ಭಯ.
— ಅಕ್ಕ, ಶಿವಮೊಗ್ಗ

ಉತ್ತರ: ಈ ವಾರವೇ ಕರೆದುಕೊಂಡು ಹೋಗಿ. ಗಾಂಜಾದ ಅನುಮಾನ, ಭ್ರಮೆ ಬಹುತೇಕ ಗಂಟೆಗಳಲ್ಲಿ ಅಥವಾ ಕೆಲವು ದಿನಗಳಲ್ಲಿ ಇಳಿಯಬೇಕು, ಎರಡು ವಾರ ಉಳಿದಿದೆ ಎಂದರೆ ಸೈಕೋಸಿಸ್, ಅಂದರೆ ನಿಜಕ್ಕೂ ಭ್ರಮೆಗೂ ವ್ಯತ್ಯಾಸ ತಿಳಿಯದ ಮನೋರೋಗ ಇರಬಹುದು. ಯುರೋಪು ಮತ್ತು ಬ್ರೆಜಿಲ್‌ನ ನಗರಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶೇ. 10 ಅಥವಾ ಹೆಚ್ಚು ಟಿಎಚ್‌ಸಿ ಇರುವ ಮಾಲನ್ನು ದಿನಾ ಬಳಸಿದವರಲ್ಲಿ ಸೈಕೋಸಿಸ್ ಸಾಧ್ಯತೆ, ಎಂದೂ ಬಳಸದವರಿಗಿಂತ ಐದು ಪಟ್ಟಿನ ಸಮೀಪವಿತ್ತು. ಮನೆತನದಲ್ಲಿ ಯಾರಿಗಾದರೂ ಇಂಥ ಕಾಯಿಲೆ ಇದ್ದರೆ ವೈದ್ಯರಿಗೆ ಹೇಳಿ. ಅವನ ಜೊತೆ ವಾದ ಬೇಡ, ಹೌದೆನ್ನುವುದೂ ಬೇಡ. "ನಿನಗೆ ನಿದ್ದೆ ಇಲ್ಲ, ಅದಕ್ಕೆ ತೋರಿಸೋಣ ಬಾ" ಎಂದರೆ ಸಾಮಾನ್ಯವಾಗಿ ಬರುತ್ತಾರೆ.

ಅಪ್ಪನಿಗೆ ಹೀಗೆ ಹೇಳಿ: ರೋಗಿಯ ವಿವರ ಗುಟ್ಟಾಗಿಡಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಇದೆ. ಮಾದಕ ವಸ್ತುಗಳ ಕುರಿತ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮು ಇನ್ನೂ ಮುಂದೆ ಹೋಗುತ್ತದೆ. ಸೇವನೆಗಾಗಿ ಅಥವಾ ಅಲ್ಪ ಪ್ರಮಾಣಕ್ಕಾಗಿ ಕೇಸಾದ ವ್ಯಸನಿಯೂ ಸ್ವಇಚ್ಛೆಯಿಂದ ಸರ್ಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ ಆ ಮೊಕದ್ದಮೆಯಿಂದ ರಕ್ಷಣೆ ಇದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಅದು ಹೋಗಬಹುದು. ಹೊರಡುವ ಮೊದಲು ಮಾತಾಡಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416, ಉಚಿತ, ಕನ್ನಡದಲ್ಲೇ ಮಾತಾಡಬಹುದು.