ಇಳಿಸಿದ ತೂಕ ಮತ್ತೆ ಏರಬಾರದು, ಶುಗರ್ ಕೂಡ ಹಿಡಿತದಲ್ಲಿರಬೇಕು ಅಂದರೆ ಜೀವನಪೂರ್ತಿ ಅನ್ನ ಬಿಡಬೇಕಾ?

ಬಿಡಬೇಕಿಲ್ಲ. ಇದನ್ನೇ ಮೊದಲು ಹೇಳುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆಯಲ್ಲಿ ಆ ಭಯವೇ ಜಾಸ್ತಿ ಕಾಣುತ್ತಿದೆ. ಎಂಟು ತಿಂಗಳಲ್ಲಿ 11 ಕೆಜಿ ಇಳಿಸಿದ್ದೀರಿ. ಮೂರು ತಿಂಗಳ ಸರಾಸರಿ ಶುಗರ್, ಅಂದರೆ ಎಚ್‌ಬಿಎ1ಸಿ, 7.6ರಿಂದ 6.2ಕ್ಕೆ ಬಂದಿದೆ. ಅದೂ ಅನ್ನ, ರೊಟ್ಟಿ, ಹಣ್ಣು ಎಲ್ಲ ಬಿಟ್ಟು ಬರೀ ಮೊಟ್ಟೆ, ಪನೀರ್, ಸೊಪ್ಪು ತಿಂದು. ಈಗ ಮೂರು ಕೆಜಿ ವಾಪಸ್ ಬಂದಿದೆ, ರಾತ್ರಿ ಹಸಿವು ತಡೆಯಲು ಆಗುತ್ತಿಲ್ಲ, ಇನ್ನೂ ಕಟ್ಟುನಿಟ್ಟು ಮಾಡಲಾ ಅಂತ ಕೇಳಿದ್ದೀರಿ. ದಯವಿಟ್ಟು ಮಾಡಬೇಡಿ. ತೂಕ ಇಳಿಸುವುದು ಒಂದು ಕೆಲಸ, ಇಳಿದ ಮೇಲೆ ಅದನ್ನು ಕಾಯುವುದು ಬೇರೆ ಕೆಲಸ. ಎರಡಕ್ಕೂ ಒಂದೇ ಊಟ ನಡೆಯುವುದಿಲ್ಲ.

ನಾನು ಧಾರವಾಡದವಳು. ಮದುವೆಯಾಗಿ ಪುಣೆಗೆ ಬಂದು ಕೋಥ್ರೂಡ್‌ನಲ್ಲೇ ಇದ್ದೇನೆ. ಟೈಪ್ 2 ಡಯಾಬಿಟಿಸ್ ನನಗೂ ಇದೆ, ನಮ್ಮ ಮನೆಯವರಿಗೂ ಇದೆ. ಡಾಕ್ಟರ್ ಅಲ್ಲ, ಆದರೆ ಇಳಿಸಿದ ತೂಕವನ್ನು ಹಲವು ವರ್ಷಗಳಿಂದ ಹಾಗೇ ಉಳಿಸಿಕೊಂಡಿದ್ದೇನೆ, ಮನೆಯ ಅಡುಗೆ ನನ್ನ ಕೈಯಲ್ಲೇ ಇರುವುದರಿಂದ ಈ ವಿಷಯ ಚೆನ್ನಾಗಿ ಗೊತ್ತು.

ಮೊದಲು ಹಸಿವಿನ ಮಾತು. ಇದು ನಿಮ್ಮ ಮನಸ್ಸು ಗಟ್ಟಿ ಇಲ್ಲದ್ದಕ್ಕೆ ಆಗುತ್ತಿರುವುದಲ್ಲ. ತೂಕ ಇಳಿದಾಗ ಹೊಟ್ಟೆ ತುಂಬಿತು ಅಂತ ಹೇಳುವ ಲೆಪ್ಟಿನ್ ಹಾರ್ಮೋನು ಕಡಿಮೆಯಾಗುತ್ತದೆ, ಹಸಿವು ಮಾಡಿಸುವ ಗ್ರೆಲಿನ್ ಏರುತ್ತದೆ. 2011ರಲ್ಲಿ ಆಸ್ಟ್ರೇಲಿಯಾದಲ್ಲಿ ತೂಕ ಇಳಿಸಿದ ಜನರನ್ನು ಒಂದು ವರ್ಷದ ಮೇಲೆ ಮತ್ತೆ ಪರೀಕ್ಷೆ ಮಾಡಿದರು, ಆಗಲೂ ಈ ಹಾರ್ಮೋನುಗಳು ಮೊದಲಿನ ಮಟ್ಟಕ್ಕೆ ಬಂದಿರಲಿಲ್ಲ. ಅದರ ಮೇಲೆ, ಮೈ ಹಗುರವಾದಷ್ಟೂ ಅದಕ್ಕೆ ಬೇಕಾದ ಕ್ಯಾಲೊರಿ ಕೂಡ ಕಡಿಮೆ. ಅಂದರೆ ಹಸಿವು ಜಾಸ್ತಿ, ಖರ್ಚು ಕಮ್ಮಿ. ಇಂಥ ಹೊತ್ತಿನಲ್ಲಿ ಊಟ ಇನ್ನೂ ಬಿಗಿ ಮಾಡಿದರೆ ಎಷ್ಟು ದಿನ ತಡೆಯುತ್ತೀರಿ ಹೇಳಿ? ಹೊಟ್ಟೆ ತುಂಬಬೇಕು, ಆದರೆ ಕ್ಯಾಲೊರಿ ಮಿತಿಯಲ್ಲಿರಬೇಕು, ಮತ್ತೆ ಆ ಊಟ ಹತ್ತು ವರ್ಷ ತಿನ್ನಲು ಬೇಸರ ಬರಬಾರದು.

ತೂಕ ಕಾಯುವುದು ಯಾಕಿಷ್ಟು ಮುಖ್ಯ ಅಂದರೆ ಶುಗರ್ ಅದರ ಹಿಂದೆಯೇ ಬರುತ್ತದೆ. ಬ್ರಿಟನ್ನಿನಲ್ಲಿ ಡೈರೆಕ್ಟ್ ಅನ್ನುವ ಅಧ್ಯಯನ ನಡೆಯಿತು. ಟೈಪ್ 2 ಇದ್ದವರಿಗೆ ಮೂರರಿಂದ ಐದು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲೊರಿ ಮಾತ್ರ ಕೊಟ್ಟು, ಆಮೇಲೆ ನಿಧಾನವಾಗಿ ಮಾಮೂಲಿ ಊಟಕ್ಕೆ ತಂದರು. ಒಂದು ವರ್ಷಕ್ಕೆ ಶೇ. 46 ಜನರಿಗೆ ಮಾತ್ರೆ ಇಲ್ಲದೆ ಶುಗರ್ ಹಿಡಿತಕ್ಕೆ ಬಂತು. ಎರಡು ವರ್ಷಕ್ಕೆ ಅದು ಶೇ. 36ಕ್ಕೆ ಇಳಿಯಿತು. ಆದರೆ ಎರಡನೇ ವರ್ಷದ ಕೊನೆಗೂ 10 ಕೆಜಿಗಿಂತ ಜಾಸ್ತಿ ಇಳಿಕೆ ಉಳಿಸಿಕೊಂಡವರಲ್ಲಿ ಶೇ. 64 ಜನ ಮಾತ್ರೆ ಇಲ್ಲದೆ ಚೆನ್ನಾಗಿದ್ದರು. ಲಿವರ್ ಮತ್ತು ಮೇದೋಜೀರಕ ಗ್ರಂಥಿಯಲ್ಲಿ ಕೂತಿದ್ದ ಕೊಬ್ಬು ಕರಗಿದ್ದೇ ಇದಕ್ಕೆ ಕಾರಣ ಅನ್ನುತ್ತಾರೆ ಆ ತಂಡದ ಪ್ರೊಫೆಸರ್ ರಾಯ್ ಟೇಲರ್. ಹಾಗಾಗಿ ಆ ಮೂರು ಕೆಜಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಹೆದರಲೂ ಬೇಡಿ.

ಇನ್ನೊಂದು ಮಾತು ನಮ್ಮ ಊರಿನದೇ. "ನೀವು ದಪ್ಪ ಇಲ್ಲವಲ್ಲ, ಇನ್ಯಾಕೆ ಪಥ್ಯ" ಅಂತ ಜನ ಹೇಳುತ್ತಾರೆ ಅಂದಿದ್ದೀರಿ. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ 2004ರಲ್ಲಿ ತಮ್ಮಿಬ್ಬರ ಫೋಟೋ ಹಾಕಿಯೇ ಒಂದು ಪುಟ್ಟ ಬರಹ ಪ್ರಕಟಿಸಿದ್ದರು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಕೂಡ 22.3. ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಮೈಯಲ್ಲಿ ಶೇ. 21.2. ನೋಡಲು ತೆಳ್ಳಗಿದ್ದರೂ ನಮ್ಮವರಲ್ಲಿ ಕೊಬ್ಬು ಹೊಟ್ಟೆಯ ಒಳಗೆ ಕೂತಿರುತ್ತದೆ. ಅದಕ್ಕೇ ನಮಗೆ ಬಿಎಂಐ 23 ದಾಟಿದರೇ ತೂಕ ಜಾಸ್ತಿ ಅಂತ ಲೆಕ್ಕ, ಸೊಂಟದ ಸುತ್ತಳತೆ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ದಾಟಬಾರದು. ತಕ್ಕಡಿ ಜೊತೆ ಒಂದು ಅಳತೆ ಟೇಪೂ ಇಟ್ಟುಕೊಳ್ಳಿ.

ಈಗ ಊಟ. ಅನ್ನ ಬಿಟ್ಟು ಜೋಳದ ರೊಟ್ಟಿ ತಿಂದರೆ ಸಾಕು ಅಂತ ಪುಣೆಯಲ್ಲಿ ನಮ್ಮವರು ಎಲ್ಲರೂ ಹೇಳುತ್ತಾರೆ. ರೊಟ್ಟಿ ನನಗೂ ಪ್ರಾಣ, ಆದರೆ ಈ ಮಾತು ಅರ್ಧ ಮಾತ್ರ ನಿಜ. ಅಕ್ಕಿ, ಗೋಧಿ, ಜೋಳ ಯಾವುದಾದರೂ 100 ಗ್ರಾಂ ಹಿಟ್ಟಿನಲ್ಲಿ 65ರಿಂದ 80 ಗ್ರಾಂ ಕಾರ್ಬ್, ಅಂದರೆ ಶುಗರ್ ಏರಿಸುವ ಪಿಷ್ಟದ ಅಂಶ, ಇರುತ್ತದೆ. ಜೋಳದಲ್ಲಿ ನಾರು ಜಾಸ್ತಿ, ನಿಧಾನ ಅರಗುತ್ತದೆ, ನಿಜ. ಆದರೆ ಆರೋಗ್ಯ ಅಂತ ನಾಲ್ಕು ರೊಟ್ಟಿ ತಿಂದರೆ ಒಂದು ಬಟ್ಟಲು ಅನ್ನಕ್ಕಿಂತ ಶುಗರ್ ಜಾಸ್ತಿ ಏರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ದೇಶವ್ಯಾಪಿ ಅಧ್ಯಯನದಲ್ಲಿ ಕಂಡಿದ್ದೂ ಇದೇ. ನಾವು ತಿನ್ನುವ ಕ್ಯಾಲೊರಿಯಲ್ಲಿ ಶೇ. 62 ಕಾರ್ಬ್‌ನಿಂದಲೇ ಬರುತ್ತದೆ, ಅದನ್ನು ಕಡಿಮೆ ಮಾಡದೆ ಸುಮ್ನೆ ಅಕ್ಕಿಯ ಬದಲು ಗೋಧಿ ಅಥವಾ ಸಿರಿಧಾನ್ಯಕ್ಕೆ ಬಂದರೆ ಡಯಾಬಿಟಿಸ್ ಅಪಾಯ ತಗ್ಗುವುದು ಕಾಣಲಿಲ್ಲ. ಕಾರ್ಬ್‌ನಲ್ಲಿ ಸ್ವಲ್ಪ ಕಡಿಮೆ ಮಾಡಿ ಆ ಜಾಗಕ್ಕೆ ಬೇಳೆಕಾಳು, ಹಾಲು ಮೊಸರಿನ ಪ್ರೊಟೀನ್ ತಿಂದವರಲ್ಲಿ ಅಪಾಯ ಕಡಿಮೆ ಇತ್ತು.

ನನ್ನ ತಟ್ಟೆ ಹೀಗಿರುತ್ತದೆ. ಅರ್ಧ ತಟ್ಟೆ ಹಸಿ ಮತ್ತು ಬೇಯಿಸಿದ ತರಕಾರಿ, ಅಂದರೆ ಸೌತೆಕಾಯಿ, ಮೂಲಂಗಿ, ಹಸಿ ಮೆಂತ್ಯ ಸೊಪ್ಪಿನ ಪಚಡಿ, ಬದನೆಕಾಯಿ ಅಥವಾ ಪುಂಡಿ ಪಲ್ಯ. ಒಂದು ದೊಡ್ಡ ಬಟ್ಟಲು ಹೆಸರುಕಾಳು ಇಲ್ಲ ಮಡಿಕೆಕಾಳಿನ ಪಲ್ಯ, ಇಲ್ಲಿನವರು ಮಟ್ಕಿ ಉಸಳ್ ಅನ್ನುತ್ತಾರಲ್ಲ ಅದೇ, ಮೇಲೆ ತೇಲುವ ಎಣ್ಣೆ ಮಾತ್ರ ಇಲ್ಲದೆ. ಮೊಸರು. ಒಂದು ರೊಟ್ಟಿ. ಕೊನೆಗೆ ನಾಲ್ಕು ತುತ್ತು ಮೊಸರನ್ನ, ಅದು ಇಲ್ಲದೆ ನನಗೆ ಊಟ ಆಯಿತು ಅನ್ನಿಸುವುದಿಲ್ಲ. ಒಂದು ಬಟ್ಟಲು ಅಂದರೆ 150 ಗ್ರಾಂ ಅನ್ನದಲ್ಲಿ 40 ಗ್ರಾಂ ಮೇಲೆ ಕಾರ್ಬ್ ಇರುತ್ತದೆ, ಅದಕ್ಕೇ ನಾನು ಅದರ ಅರ್ಧ ಮಾತ್ರ ಹಾಕಿಕೊಳ್ಳುತ್ತೇನೆ. ತಿನ್ನುವ ಕ್ರಮವೂ ಮುಖ್ಯ. ತರಕಾರಿ, ಕಾಳು ಮೊದಲು ತಿಂದು ಅನ್ನ ರೊಟ್ಟಿ ಕೊನೆಗೆ ತಿಂದರೆ ಊಟದ ನಂತರ ಶುಗರ್ ಅಷ್ಟು ಮೇಲೆ ಹೋಗುವುದಿಲ್ಲ, ಅದೇ ಊಟ, ಅಷ್ಟೇ ಪ್ರಮಾಣ ಇದ್ದರೂ. ನಂಬಿಕೆ ಬರದಿದ್ದರೆ ಗ್ಲುಕೋಮೀಟರ್‌ನಲ್ಲಿ ನೀವೇ ನೋಡಿ. ಕಿಡ್ನಿ ತೊಂದರೆ ಇದ್ದರೆ ಮಾತ್ರ ಪ್ರೊಟೀನ್ ಜಾಸ್ತಿ ಮಾಡುವ ಮೊದಲು ಡಾಕ್ಟರನ್ನು ಕೇಳಿ.

ಗ್ಲುಕೋಮೀಟರ್ ಬಗ್ಗೆ ಇನ್ನೊಂದು ಮಾತು. ದಿನಾ ಬೆರಳು ಚುಚ್ಚಿಕೊಳ್ಳಿ ಅನ್ನುತ್ತಿಲ್ಲ. ಹೊಸದೇನಾದರೂ ಊಟಕ್ಕೆ ಸೇರಿಸಿದಾಗ, ತಿನ್ನುವ ಮೊದಲು ಒಮ್ಮೆ, ಮೊದಲ ತುತ್ತಿನಿಂದ ಎರಡು ಗಂಟೆಗೆ ಒಮ್ಮೆ. 180 ಒಳಗಿದ್ದರೆ ಸಾಮಾನ್ಯವಾಗಿ ಸರಿ. ನನಗೆ ಅವಲಕ್ಕಿ ಆಗಿಬರುವುದಿಲ್ಲ, ನಮ್ಮ ಮನೆಯವರಿಗೆ ಏನೂ ಆಗುವುದಿಲ್ಲ. ಈಗ ಅವಲಕ್ಕಿ ಅರ್ಧ ಮಾಡಿ ಮೊಳಕೆಕಾಳು, ಶೇಂಗಾ ಸೇರಿಸಿ ಮಾಡುತ್ತೇನೆ. ಸಂಕಷ್ಟಿಗೆ ಇಲ್ಲಿ ಮನೆಮನೆಯಲ್ಲೂ ಸಾಬೂದಾನ ಖಿಚಡಿ, ಅದು ಹೆಚ್ಚುಕಡಿಮೆ ಪೂರ್ತಿ ಪಿಷ್ಟ. ಉಪವಾಸ ಮಾಡಲೇಬೇಕು ಅಂದರೆ ಮೊಸರು, ಶೇಂಗಾ, ಒಂದು ಪೇರಲ ಹಣ್ಣು ಸಾಕು. ಅಮೃತತುಲ್ಯ, ಅಂದರೆ ಇಲ್ಲಿನ ಚಹಾ ಅಂಗಡಿಗಳ ಸಿಹಿ ಚಹಾ ಕೂಡ ಲೆಕ್ಕಕ್ಕೆ ಬರಲಿ. ಕಪ್ಪಿಗೆ ಎರಡು ಚಮಚ ಸಕ್ಕರೆ ಅಂದರೂ ದಿನಕ್ಕೆ ನಾಲ್ಕು ಚಹಾದಲ್ಲಿ 35-40 ಗ್ರಾಂ ಸಕ್ಕರೆ ಹೊಟ್ಟೆಗೆ ಹೋಯಿತು, ಆಫೀಸಿನ ಪಕ್ಕದ ಅಂಗಡಿಯಲ್ಲಿ ನಿಂತು ಕುಡಿಯುವಾಗ ಅದು ಯಾರಿಗೂ ನೆನಪಿರುವುದಿಲ್ಲ.

ಪುಣೆಯಲ್ಲಿ ಇದ್ದ ಮೇಲೆ ಯಾರೋ ಒಬ್ಬರು ನಿಮಗೆ ದೀಕ್ಷಿತ್ ಡಯಟ್ ಮಾಡಿ ಅಂದೇ ಅನ್ನುತ್ತಾರೆ. ದಿನಕ್ಕೆ ಎರಡೇ ಊಟ, ಒಂದೊಂದು 55 ನಿಮಿಷದೊಳಗೆ. ಕೆಲವರಿಗೆ ಹೊಂದುತ್ತದೆ, ಮಧ್ಯೆ ಮಧ್ಯೆ ಬಾಯಾಡಿಸುವುದು ನಿಲ್ಲುತ್ತದೆ. ಆದರೆ ಗ್ಲಿಮೆಪಿರೈಡ್ ಅನ್ನುವ ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಊಟ ಬಿಡಲೇಬಾರದು. ಶುಗರ್ 70ಕ್ಕಿಂತ ಕೆಳಗೆ ಹೋದರೆ ಬೆವರು, ನಡುಕ, ತಲೆ ಸುತ್ತು ಬರುತ್ತದೆ. ಆಗ ತಕ್ಷಣ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ನೀರಲ್ಲಿ ಕಲಸಿ ಕುಡಿಯಬೇಕು, 15 ನಿಮಿಷಕ್ಕೆ ಮತ್ತೆ ನೋಡಬೇಕು. ತೂಕ ಇಳಿದ ಮೇಲೆ ಹಳೆಯ ಡೋಸೇ ಜಾಸ್ತಿ ಆಗಬಹುದು, ಆದರೆ ಕಡಿಮೆ ಮಾಡುವುದು ಡಾಕ್ಟರ್ ಕೆಲಸ. ತೂಕ, ಶುಗರ್ ಎರಡನ್ನೂ ಇಳಿಸುವ ಮೌಂಜಾರೊ ಇಂಜೆಕ್ಷನ್ 2025ರಲ್ಲಿ ಇಲ್ಲಿಗೂ ಬಂತು, ಕೆಲಸ ಮಾಡುತ್ತದೆ, ಆದರೆ ಇಂಥ ಔಷಧ ನಿಲ್ಲಿಸಿದ ಮೇಲೆ ಹೆಚ್ಚಿನವರಿಗೆ ತೂಕ ವಾಪಸ್ ಬರುತ್ತದೆ, ಹಾಗಾಗಿ ಅದನ್ನು ತೆಗೆದುಕೊಂಡರೂ ತಟ್ಟೆಯ ಕೆಲಸ ತಪ್ಪುವುದಿಲ್ಲ.

ಕಾಯುವ ಕೆಲಸದಲ್ಲಿ ನಡಿಗೆಗೆ ಬೆಲೆ ಜಾಸ್ತಿ. ತೂಕ ಇಳಿಯುವುದು ಮುಖ್ಯವಾಗಿ ಊಟದಿಂದ, ನಿಲ್ಲುವುದಕ್ಕೆ ಮೈ ಬಗ್ಗಿಸಲೇಬೇಕು. ಅಮೆರಿಕದಲ್ಲಿ 1994ರಿಂದ ಒಂದು ದಾಖಲೆ ಇಟ್ಟಿದ್ದಾರೆ, ಕನಿಷ್ಠ 13.6 ಕೆಜಿ ಇಳಿಸಿ ಒಂದು ವರ್ಷವಾದರೂ ಉಳಿಸಿಕೊಂಡವರದು. ಅವರಲ್ಲಿ ಹೆಚ್ಚಿನವರು ದಿನಕ್ಕೆ ಸುಮಾರು ಒಂದು ಗಂಟೆ ನಡಿಗೆ, ವ್ಯಾಯಾಮ ಮಾಡುತ್ತಾರೆ, ವಾರಕ್ಕೊಮ್ಮೆಯಾದರೂ ತೂಕ ನೋಡಿಕೊಳ್ಳುತ್ತಾರೆ. ನಮಗೆ ಪುಣೆಯಲ್ಲಿ ವೇತಾಳ ಟೇಕಡಿ, ಹನುಮಾನ್ ಟೇಕಡಿ ಅನ್ನುವ ಗುಡ್ಡಗಳಿವೆ, ಇದಕ್ಕಿಂತ ಇನ್ನೇನು ಬೇಕು! ಮಳೆಗಾಲದಲ್ಲಿ ಅಲ್ಲಿ ಜಾರುತ್ತದೆ, ಆಗ ನಾನು ಸೊಸೈಟಿಯ ಪಾರ್ಕಿಂಗ್‌ನಲ್ಲೇ ಸುತ್ತು ಹಾಕುತ್ತೇನೆ. ಒಂದು ಗಂಟೆ ಒಟ್ಟಿಗೆ ಸಿಗದಿದ್ದರೆ ಪ್ರತಿ ಊಟದ ನಂತರ ಕಾಲು ಗಂಟೆ ನಡೆಯಿರಿ, ಶುಗರ್‌ಗೆ ಅದು ಇನ್ನೂ ಒಳ್ಳೆಯದು. ಜೊತೆಗೆ ವಾರಕ್ಕೆ ಎರಡು ಮೂರು ಸಲ ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈಕೊಟ್ಟು ದೂಡುವುದು, ಹೀಗೆ ಸ್ನಾಯುಗಳಿಗೆ ಕೆಲಸ ಕೊಡಿ. ಪಥ್ಯದಲ್ಲಿ ಕೊಬ್ಬಿನ ಜೊತೆ ಸ್ನಾಯುವೂ ಕರಗಿರುತ್ತದೆ, ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುವುದು ಮುಖ್ಯವಾಗಿ ಆ ಸ್ನಾಯುವೇ.

ತೂಕಕ್ಕೆ ಒಂದು ಗೆರೆ ಹಾಕಿಕೊಳ್ಳಿ. ವಾರಕ್ಕೆ ಒಂದೇ ದಿನ, ಬೆಳಿಗ್ಗೆ, ಹೊಟ್ಟೆ ಖಾಲಿ ಇದ್ದಾಗ. ಗೆರೆಯಿಂದ ಎರಡು ಕೆಜಿ ಮೇಲೆ ಹೋದರೆ ಎರಡು ವಾರ ರೊಟ್ಟಿ ಅನ್ನ ಅರ್ಧ, ಹೊರಗಿನ ತಿಂಡಿ ಬಂದ್. ಗಣಪತಿ ಹಬ್ಬದಲ್ಲಿ ಮೋದಕ ತಿನ್ನಿ, ಯುಗಾದಿಗೆ ಹೋಳಿಗೆಯೂ ತಿನ್ನಿ, ಊಟದ ಜೊತೆ ಒಂದು. ಉಳಿದದ್ದನ್ನು ಡಬ್ಬಿಯಲ್ಲಿ ಇಟ್ಟುಕೊಳ್ಳದೆ ಅವತ್ತೇ ಅಕ್ಕಪಕ್ಕದವರಿಗೆ ಹಂಚಿಬಿಡಿ. "ಎಷ್ಟು ಸೊರಗಿದ್ದೀಯ" ಅಂತ ಊರಲ್ಲಿ ಅತ್ತೆ, ಚಿಕ್ಕಮ್ಮ ಬಡಿಸುತ್ತಲೇ ಇರುತ್ತಾರೆ, ಅವರಿಗೆ ರಿಪೋರ್ಟ್ ತೋರಿಸಿ, 7.6 ಅಂದರೆ ಏನು ಅಂತ ಬಿಡಿಸಿ ಹೇಳಿ, ಅರ್ಥ ಮಾಡಿಕೊಳ್ಳುತ್ತಾರೆ.

ನೀವು ಸದ್ಯಕ್ಕೆ ಮಾಡಬೇಕಾದ್ದು ಇಷ್ಟು. ಮಧ್ಯಾಹ್ನ ಒಂದು ರೊಟ್ಟಿ ಅಥವಾ ಅರ್ಧ ಬಟ್ಟಲು ಅನ್ನ ವಾಪಸ್ ತನ್ನಿ, ಕಾಳಿನ ಪಲ್ಯ ಜಾಸ್ತಿ ಮಾಡಿ, ರಾತ್ರಿ ಹಸಿವು ಎಷ್ಟು ತಗ್ಗುತ್ತದೆ ಎರಡು ವಾರ ನೋಡಿ. ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ, ವರ್ಷಕ್ಕೊಮ್ಮೆ ಕಣ್ಣು, ಪಾದ, ಮೂತ್ರದ ಪರೀಕ್ಷೆ ಬಿಡಬೇಡಿ, ನಂಬರ್ ಎಷ್ಟೇ ಚೆನ್ನಾಗಿದ್ದರೂ. ನೀವು ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ಅಂತ ಬರೆದಿಲ್ಲ. ಅದರ ಹೆಸರು, ಜೊತೆಗೆ ಒಂದು ವಾರ ತಿಂದದ್ದು ಮತ್ತು ಊಟದ ಮುಂಚಿನ, ನಂತರದ ನಂಬರ್ ಇಲ್ಲೇ ಕೆಳಗೆ ಹಾಕಿ. ಮಾತ್ರೆಯ ಮಾತು ನಿಮ್ಮ ಡಾಕ್ಟರಿಗೆ ಬಿಡೋಣ, ತಟ್ಟೆಯಲ್ಲಿ ಏನು ಬದಲಿಸಬಹುದು ಅಂತ ಒಟ್ಟಿಗೆ ನೋಡೋಣ.