ಶನಿವಾರ ಮಾಯವಾಗುವ ಹುಡುಗಿ

ವಯಸ್ಸು 14, ಒಂಬತ್ತನೇ ತರಗತಿ, ಬನಶಂಕರಿ ಕಡೆಯ ಮನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಲಾಗಿದೆ.

ತಾಯಿ ಕೈಯಲ್ಲಿ ಮಗಳ ನೋಟ್‌ಬುಕ್ ಹಿಡಿದೇ ನನ್ನ ಆಪ್ತಸಮಾಲೋಚನೆಯ ಕೋಣೆಗೆ ಬಂದರು. ಒಳಗೆ ಪೆನ್ಸಿಲ್‌ನಲ್ಲಿ ಬರೆದ ಚಿತ್ರಕಥೆ. ನಾಯಕಿಯ ಹೆಸರು ನೆರಳು. ಬೇಕೆಂದಾಗ ಯಾರ ಕಣ್ಣಿಗೂ ಬೀಳದಂತೆ ಮಾಯವಾಗುವ ಶಕ್ತಿ ಅವಳಿಗುಂಟು. ಮೊದಲ ಪುಟದಲ್ಲಿ "ನೆರಳು ನಾನೇ" ಎಂದಿತ್ತು. "ಇವ್ಳಿಗೆ ತಲೆ ಏನಾದ್ರೂ ಕೆಟ್ಟಿದ್ಯಾ ಮೇಡಂ?" ಎಂದು ತಾಯಿ ಅಳುತ್ತಾ ಕೇಳಿದರು. ಹುಡುಗಿ ಮಾತಾಡಲಿಲ್ಲ. ಫೆಬ್ರವರಿ ಮಧ್ಯಾಹ್ನದ ಬಿಸಿಲಿನಲ್ಲೂ ಅವಳ ಸೊಂಟಕ್ಕೆ ಸ್ವೆಟರ್ ಕಟ್ಟಿತ್ತು.

ಹುಡುಗಿಯೊಬ್ಬಳನ್ನೇ ಕೂರಿಸಿಕೊಂಡು ಮೊದಲು ಹೇಳಿದ್ದು ಗೋಪ್ಯತೆಯ ವಿಷಯ: ಇಲ್ಲಿ ಆಡಿದ್ದು ಇಲ್ಲೇ ಇರುತ್ತದೆ, ನಿನಗೆ ಅಪಾಯವಿದೆ ಎನಿಸಿದರೆ ಮಾತ್ರ ಮನೆಯವರಿಗೆ ತಿಳಿಸಬೇಕಾಗುತ್ತದೆ. ಆಮೇಲೆ ವಿಚಾರಿಸಿದ್ದು: ಶಕ್ತಿ ನಿಜವೆಂದು ನಂಬಿ ರಸ್ತೆಗೆ ನುಗ್ಗುವುದು, ಮಹಡಿಯ ಅಂಚಿಗೆ ಹೋಗುವುದು ಇದೆಯೇ? ಯಾರೂ ಇಲ್ಲದಾಗ ದನಿ ಕೇಳುತ್ತದೆಯೇ? ನಿದ್ದೆ, ಊಟ, ಸ್ನಾನ ತಪ್ಪಿವೆಯೇ? ಇವುಗಳಲ್ಲಿ ಯಾವುದಕ್ಕಾದರೂ ಹೌದು ಎಂದಿದ್ದರೆ ತಡಮಾಡದೆ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗಕ್ಕೋ ಹತ್ತಿರದ ಮನೋವೈದ್ಯರ ಬಳಿಗೋ ಕಳಿಸಬೇಕಿತ್ತು. ಅವಳು ನಕ್ಕಳು. "ಕಥೆ ಅಂತ ಗೊತ್ತು ಮೇಡಂ. ಅಮ್ಮಂಗೆ ಗೊತ್ತಿಲ್ಲ."

ಕಥೆಯೆಂದು ಗೊತ್ತಿರುವ ಮಗುವಿಗೆ "ಇದೆಲ್ಲ ಸುಳ್ಳು" ಎಂದು ತಿಳಿಹೇಳುವುದರಿಂದ ಪ್ರಯೋಜನವಿಲ್ಲ. ಕೇಳಬೇಕಾದ್ದು, ನೆರಳು ಯಾವಾಗ ಮಾಯವಾಗುತ್ತಾಳೆ ಎಂದು. ಪುಟದ ಮೂಲೆಯಲ್ಲಿ ತಾರೀಖು ಬರೆಯುವ ಅಭ್ಯಾಸ ಅವಳಿಗಿತ್ತು. ಇಬ್ಬರೂ ಕೂತು ಎಣಿಸಿದೆವು: ಮಾಯವಾದದ್ದು 11 ಸಲ, ಅದರಲ್ಲಿ 8 ಶನಿವಾರ.

ಶನಿವಾರ ಬಿಳಿ ಯೂನಿಫಾರ್ಮ್.

ಏಳನೇ ತರಗತಿಯಲ್ಲಿ ಒಮ್ಮೆ ಬಟ್ಟೆಗೆ ಮುಟ್ಟಿನ ಕಲೆಯಾಗಿತ್ತು. ಹಿಂದಿನ ಬೆಂಚಿನವರು ನಕ್ಕರು. ಪಕ್ಕದಲ್ಲೇ ಇದ್ದ ಗೆಳತಿ ಹೇಳಲಿಲ್ಲ. ಅಂದಿನಿಂದ ಸ್ವೆಟರ್. ಶನಿವಾರ ಬೆಳಿಗ್ಗೆಯಿಂದ ನೀರು ಕುಡಿಯುವುದಿಲ್ಲ, ಟಾಯ್ಲೆಟ್‌ಗೆ ಹೋಗುವುದಿಲ್ಲ, ಮನೆಗೆ ಬರುವಾಗ ತಲೆನೋವು. ಮುಟ್ಟಿಲ್ಲದ ದಿನವೂ ಹಾಗೆಯೇ. ದಿನಕ್ಕೆ ಹತ್ತಾರು ಸಲ "ನೋಡೇ, ಹಿಂದೆ ಏನಾದ್ರೂ ಆಗಿದ್ಯಾ?" ಎಂದು ಗೆಳತಿಯರನ್ನು ಕೇಳಿ ಕೇಳಿ ಅವರೂ ದೂರ ಸರಿದಿದ್ದರು.

ಮೊದಲು ಮೈಯ ಲೆಕ್ಕ ಸರಿಮಾಡಿದೆವು. ಪ್ಯಾಡ್ 4ರಿಂದ 6 ಗಂಟೆಗೊಮ್ಮೆ, ಹೆಚ್ಚು ಹೋಗುವಾಗ ಅದಕ್ಕೂ ಮುಂಚೆ ಬದಲಿಸಬೇಕು. ಬ್ಯಾಗಿನಲ್ಲಿ ಸದಾ ಒಂದು ಪೌಚ್: 2 ಪ್ಯಾಡ್, ಒಂದು ಒಳಉಡುಪು, ಸುತ್ತಲು ಪೇಪರ್. ಬಿಳಿ ಬಟ್ಟೆಯ ಕೆಳಗೆ ಗಾಢ ಬಣ್ಣಕ್ಕಿಂತ ಮೈಬಣ್ಣದ ಶಾರ್ಟ್ಸ್ ಕಾಣುವುದು ಕಡಿಮೆ. ಕಲೆಯಾದರೆ ತಣ್ಣೀರಿನಲ್ಲೇ ತೊಳೆಯಬೇಕು. ಬಿಸಿನೀರು ಬಿದ್ದರೆ ರಕ್ತದ ಪ್ರೋಟೀನ್ ಗಟ್ಟಿಯಾಗಿ ನೂಲಿಗೆ ಹತ್ತಿಕೊಳ್ಳುತ್ತದೆ. ಗಂಟೆಗೊಂದು ಪ್ಯಾಡ್ ತೊಯ್ಯುವುದು, 7 ದಿನ ದಾಟಿದರೂ ನಿಲ್ಲದಿರುವುದು ಕಂಡರೆ ವೈದ್ಯರಿಗೆ ತೋರಿಸಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಬೇಕು. 12ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ.

ಆಮೇಲೆ ಭಯದ ಮೆಟ್ಟಿಲು. ಸ್ವೆಟರ್ ಇಲ್ಲದೆ ಬಿಳಿ ಬಟ್ಟೆಯಲ್ಲಿ ಎಲ್ಲಿ ಎಷ್ಟು ಭಯ ಎಂದು 10ಕ್ಕೆ ಅವಳೇ ಅಂಕ ಕೊಟ್ಟಳು. ಮನೆಯೊಳಗೆ 2, ಬೀದಿ ಕೊನೆಯ ಅಂಗಡಿ 4, ಗಾಂಧಿಬಜಾರ್ 6, ಶನಿವಾರದ ಒಂದು ತರಗತಿ 8, ಬೋರ್ಡ್ ಹತ್ತಿರ ಹೋಗಿ ಲೆಕ್ಕ ಮಾಡುವುದು 10. ನಿಯಮ ಇಷ್ಟೆ: ಮುಟ್ಟಿಲ್ಲದ ದಿನಗಳಲ್ಲಿ ಶುರು, ಭಯ ಏರಿದಾಗ ಓಡಬಾರದು, ಅದು ಅರ್ಧಕ್ಕೆ ಇಳಿಯುವವರೆಗೆ ಅಲ್ಲೇ ಇರಬೇಕು. ಏರಿದ್ದಾಗಲೇ ಹೊರಟರೆ "ತಪ್ಪಿಸಿಕೊಂಡಿದ್ದರಿಂದ ಉಳಿದೆ" ಎಂಬ ಪಾಠವಷ್ಟೇ ಮನಸ್ಸಿಗೆ ಹತ್ತುತ್ತದೆ. ಹಿಂದೆ ತಿರುಗಿ ನೋಡುವುದು, ಗೆಳತಿಯನ್ನು ಕೇಳುವುದು ಕೂಡ ಒಂದು ಬಗೆಯ ಸ್ವೆಟರೇ. ಅದನ್ನು ಇಂಟರ್ವಲ್‌ಗೆ ಒಂದು ಸಲಕ್ಕೆ ಇಳಿಸಿದೆವು.

ಎರಡನೇ ವಾರ ಎಡವಟ್ಟಾಯಿತು. ಬೇಗ ಗುಣವಾಗಲಿ ಎಂದು ತಾಯಿ ಶುಕ್ರವಾರ ರಾತ್ರಿ ಸ್ವೆಟರ್ ಬಚ್ಚಿಟ್ಟರು. ಅವಳು ಶನಿವಾರ ಶಾಲೆಗೇ ಹೋಗಲಿಲ್ಲ. 4ಕ್ಕೆ ಇಳಿದಿದ್ದ ಗಾಂಧಿಬಜಾರ್ ಮತ್ತೆ 7 ಆಯಿತು. ಮೆಟ್ಟಿಲು ಹತ್ತುವವಳೇ ಮುಂದಿನ ಹೆಜ್ಜೆ ಆರಿಸಬೇಕು. ಬೇರೆಯವರು ತಳ್ಳಿದರೆ ಅವಳಿಗದು ಬಿದ್ದ ಹಾಗೆಯೇ.

ತಾಯಿಗೆ ಹೇಳಿದ್ದು ಮೂರು ಮಾತು. ನೋಟ್‌ಬುಕ್ ವಾಪಸ್ ಕೊಡಿ, "ಕೇಳದೆ ಓದಿದ್ದು ತಪ್ಪಾಯ್ತು ಕಂದಾ" ಎನ್ನಿ; ಅದರ ಬೆನ್ನಿಗೇ "ಆದ್ರೆ ನೀನೂ..." ಸೇರಿಸಬೇಡಿ. "ಇವತ್ತು ಹಾಕ್ಕೊಂಡ್ಯಾ, ಬಿಟ್ಯಾ?" ಎಂದು ದಿನಾ ವಿಚಾರಿಸಬೇಡಿ. ಕ್ಲಾಸ್ ಟೀಚರ್ ಹತ್ತಿರ ಒಬ್ಬರೇ ಹೋಗಿ, ಕಾರಣ ಕೇಳದೆ ಟಾಯ್ಲೆಟ್‌ಗೆ ಬಿಡಬೇಕೆಂದು ಕೇಳಿಕೊಳ್ಳಿ. ಟೀಚರ್ ಕೂಡಲೇ ಒಪ್ಪಿದರು. ತಂದೆ ಒಂದೇ ಸಲ ಬಂದರು, ಹೆಚ್ಚು ಮಾತಾಡಲಿಲ್ಲ. ಮುಂದಿನ ತಿಂಗಳಿಂದ ಮೆಡಿಕಲ್ ಶಾಪಿನಿಂದ ಪ್ಯಾಡ್ ತರುವ ಕೆಲಸ ತಮ್ಮದೆಂದರು. ಮಗಳು ಅದನ್ನು ನನಗೆ ಎರಡು ಸಲ ಹೇಳಿದಳು.

ರಾತ್ರಿ ಇಂಥ ಭಯ ಹೆಚ್ಚಾಗಿ ಮಾತಾಡಲು ಯಾರೂ ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಬಹುದು. ಉಚಿತ, 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ಆ ನಂಬರನ್ನು ಅವಳು ನೋಟ್‌ಬುಕ್ಕಿನ ಹಿಂದಿನ ರಟ್ಟಿನ ಮೇಲೆ ಬರೆದುಕೊಂಡಳು.

ಐದನೇ ಭೇಟಿಯ ಹೊತ್ತಿಗೆ ಶನಿವಾರ ಎರಡು ತರಗತಿ ಸ್ವೆಟರ್ ಬ್ಯಾಗಿನಲ್ಲೇ ಉಳಿದಿತ್ತು, ನೀರಿನ ಬಾಟಲಿ ಖಾಲಿಯಾಗಿತ್ತು. ವಾರ್ಷಿಕ ಪರೀಕ್ಷೆಯ ಗಣಿತ ಶನಿವಾರವೇ ಬಿತ್ತು. ಅಂದು ಕಟ್ಟಿಕೊಂಡೇ ಹೋಗುತ್ತೇನೆ ಎಂದಳು. ಒಪ್ಪಿದೆವು. ಬೋರ್ಡಿನ ಮೆಟ್ಟಿಲು ಜೂನ್‌ಗೆ, ಶಾಲೆ ಶುರುವಾದ ಮೇಲೆ.