ಮೈದಾನದ ದ್ವಾರದಲ್ಲಿ ಯೋಧರ ಹೆಸರು

ಪ್ರಶ್ನೆ: ನಮ್ಮೂರ ಆಟದ ಮೈದಾನಕ್ಕೆ, ಯುದ್ಧದಲ್ಲಿ ಮಡಿದ ಊರಿನ ಯೋಧರ ನೆನಪಿಗೆ ಮುರಕಲ್ಲಿನ (ಕರಾವಳಿಯ ಕೆಂಪು ಕಲ್ಲಿನ) ಪ್ರವೇಶದ್ವಾರ ಕಟ್ಟಬೇಕೆಂದಿದ್ದೇವೆ. ಹೆಸರುಗಳ ಗ್ರಾನೈಟ್ ಫಲಕ ನಮ್ಮ ಮಳೆಗೆ ಬಾಳಲು ಏನು ಮಾಡಬೇಕು? ಸಿಂಹಲಾಂಛನ ಹಾಕಬಹುದೇ?
— ಓದುಗರು, ಬದಿಯಡ್ಕ (ಕಾಸರಗೋಡು, ಕೇರಳ)

ಉತ್ತರ: ಒಳ್ಳೆಯ ಯೋಚನೆ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 1921ರಲ್ಲಿ ತೆರೆದ ರಗ್ಬಿ ಮೈದಾನವೂ ಮೊದಲ ಮಹಾಯುದ್ಧದಲ್ಲಿ ಮಡಿದ ಆಟಗಾರರ ಸ್ಮಾರಕವೇ.

ಫಲಕ ಕೆಡುವುದು ಹಿಂಬದಿಯಿಂದ. ಮುರಕಲ್ಲು ನೀರು ಹೀರುತ್ತದೆ. ಅದರ ಮೇಲೆ ಬರೀ ಸಿಮೆಂಟಿನಲ್ಲಿ ಅಂಟಿಸಿದ ಗ್ರಾನೈಟ್ ನಾಲ್ಕಾರು ಮಳೆಗಾಲದಲ್ಲಿ ಬಿಟ್ಟುಕೊಳ್ಳಬಹುದು. ನೇರ ಬೋಲ್ಟ್ ಹೊಡೆದರೂ ಹಿಡಿತ ಸಾಲದು, ತೂತಿನ ಅಂಚು ಪುಡಿಯಾಗುತ್ತದೆ. ಆದ್ದರಿಂದ ಕಂಬದೊಳಗೆ ಆರ್‌ಸಿಸಿ (ಸರಳು ಹಾಕಿದ ಕಾಂಕ್ರೀಟ್) ಎಬ್ಬಿಸಿ, ಫಲಕ ಹಿಡಿಯುವ ಪಿನ್ನುಗಳನ್ನು ಅದಕ್ಕೇ ಕೂರಿಸಿ. ಪಿನ್ನು 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದ್ದಿರಲಿ. ಸಾದಾ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಕಲ್ಲನ್ನೇ ಸೀಳುತ್ತದೆ. ಕಂಬದ ನೆತ್ತಿಗೆ ಎರಡು ಮೂರು ಇಂಚು ಹೊರಚಾಚಿದ ಚಪ್ಪಡಿ ಹಾಕಿ, ಅದರ ತಳದಂಚಿನಲ್ಲಿ ಒಂದು ಗೀರು ತೆಗೆಸಿ. ಗೀರಿಲ್ಲದಿದ್ದರೆ ನೀರು ತಳಕ್ಕೆ ಅಂಟಿಕೊಂಡು ಒಳಗೆ ಹರಿದು, ಫಲಕದ ಮೇಲೆ ಕೆಂಪು ಕಲೆ ಇಳಿಸುತ್ತದೆ.

ಅಕ್ಷರಗಳನ್ನು ಕೊರೆಸಿಯೇ ಹಾಕಿ. ಅಂಟಿಸಿದ ಹಿತ್ತಾಳೆ ಅಕ್ಷರ ಉದುರುತ್ತದೆ, ಕಳವೂ ಆಗುತ್ತದೆ. ಎತ್ತರ 25 ಮಿ.ಮೀ., ಆಳ 3 ಮಿ.ಮೀ. ಸಾಕು. ಸಾಲುಗಳ ನಡುವೆ ಧಾರಾಳ ಜಾಗ ಬಿಡಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಕನ್ನಡ, ಮಲಯಾಳ ಎರಡರಲ್ಲೂ ಬರೆಸುವುದು ನ್ಯಾಯ.

ಹೆಸರು, ಹುದ್ದೆ, ಸೇನಾ ಸಂಖ್ಯೆ, ಘಟಕ, ಮಡಿದ ದಿನಾಂಕಗಳನ್ನು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಮೂಲಕ ಖಚಿತಪಡಿಸಿಕೊಳ್ಳಿ. ಕೊರೆಯುವ ಮುನ್ನ ಪೂರ್ಣ ಅಳತೆಯ ಕಾಗದದ ಪ್ರತಿ ತೆಗೆಸಿ, ಮನೆಯವರಿಗೆ ತೋರಿಸಿ ಸಹಿ ಪಡೆಯಿರಿ. ತರವಾಡಿನ (ಮೂಲಮನೆಯ) ಹೆಸರಿನ ಇನಿಶಿಯಲ್ ತಪ್ಪುವುದು ಹೆಚ್ಚು. ಕೊರೆದ ಮೇಲೆ ತಿದ್ದಲಾಗದು.

ಫಲಕ ರಸ್ತೆಗೆ ಮುಖಮಾಡುವುದು ಬೇಡ. ಕಬಡ್ಡಿ ಪಂದ್ಯಾಟ ಬಂತೆಂದರೆ ಮೊದಲು ಫ್ಲೆಕ್ಸ್ ಕಟ್ಟುವುದು ಅಲ್ಲಿಗೇ. ಎರಡು ಕಂಬಗಳ ಒಳಮೈಯಲ್ಲಿ, ನೆಲದಿಂದ ಮೂರಡಿ ಮೇಲೆ ಕೂರಿಸಿ. ಕೆಸರೂ ಸಿಡಿಯದು, ಒಳಗೆ ನಡೆಯುವವರು ನಿಂತು ಓದಬಹುದು. ಫ್ಲೆಕ್ಸಿಗೆ ದೂರದಲ್ಲಿ ಬೇರೆ ಕಂಬ ನೆಡಿ. ದ್ವಾರದ ಅಗಲ 4 ಮೀಟರ್, ಎತ್ತರ 5 ಮೀಟರ್ ಇದ್ದರೆ ಅಗ್ನಿಶಾಮಕ ವಾಹನಕ್ಕೂ ಮಣ್ಣಿನ ಟಿಪ್ಪರಿಗೂ ದಾರಿಯಾಗುತ್ತದೆ.

ಸಿಂಹಲಾಂಛನ ಬೇಡ. ಅದು ರಾಷ್ಟ್ರಲಾಂಛನ. ಅದರ ದುರ್ಬಳಕೆ ತಡೆಯುವ 2005ರ ಕಾಯ್ದೆಯಂತೆ ಖಾಸಗಿ ಸಂಘಗಳು ಅದನ್ನು ಬಳಸುವಂತಿಲ್ಲ. ರೆಜಿಮೆಂಟಿನ ಲಾಂಛನ ಬೇಕಿದ್ದರೆ ಆ ರೆಜಿಮೆಂಟಿನಿಂದ ಲಿಖಿತ ಒಪ್ಪಿಗೆ ಪಡೆಯಿರಿ. ಪಂಚಾಯತಿನ ಅನುಮತಿ ಕೈಗೆ ಬಂದ ಮೇಲೆಯೇ ಪಾಯ ತೋಡಿಸಿ.